ಹತ್ತೊಂಬತ್ತು ಒಂದುಗಳು, ಮಹಾವೀರಾಚಾರ್ಯರ ಎರಡು ಹಾರಗಳು

1111111111111111111.

ಎಣಿಸಿ ನೋಡಿ, ಹತ್ತೊಂಬತ್ತು ಒಂದುಗಳಿವೆ. ಬಾಯಿಬಿಟ್ಟು ಓದಿದರೆ ಹನ್ನೊಂದು ಲಕ್ಷ ಚಿಲ್ಲರೆ ಲಕ್ಷ ಕೋಟಿ. ಇದೊಂದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಇನ್ಯಾವ ಸಂಖ್ಯೆಗೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ.

ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೋರ್ಡಿನ ಮೇಲೆ ಇದನ್ನು ಬರೆದು "ಒಡೆಯಿರಿ ನೋಡೋಣ" ಅಂದರೆ ಮೊದಲು ಬರುವ ಉತ್ತರ ಯಾವಾಗಲೂ 11. "ಸರ್, ಎಲ್ಲಾ ಒಂದೇ ಅದಾವಲ್ರೀ, ಹನ್ನೊಂದರಿಂದ ಹೋಗೇ ಹೋಗ್ತದ." ಹೋಗುವುದಿಲ್ಲ. ಜೋಡಿ ಜೋಡಿಯಾಗಿ ತೆಗೆಯುತ್ತಾ ಹೋದರೆ ಕೊನೆಗೆ ಒಂದು ಒಂಟಿಯಾಗಿ ಉಳಿಯುತ್ತದೆ. ಮುಂದಿನ ಊಹೆ 3. ಅಂಕಿಗಳ ಮೊತ್ತ 19, ಅದೂ ಆಗಲಿಲ್ಲ. ಆಮೇಲೆ 7, 13 ಎಂದು ಸ್ವಲ್ಪ ಹೊತ್ತು ಗಲಾಟೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಾರೆ, "ಸರ್, ಇದು ಸಿಇಟಿಗೆ ಬರ್ತದೇನ್ರೀ?" ಬರುವುದಿಲ್ಲ. ಹಾಗಾಗಿ ತರಗತಿಯಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳ ಊಹೆಯಲ್ಲಿ ಒಂದು ನ್ಯಾಯವಿದೆ. ಇಷ್ಟು ಸಾಲಾಗಿ, ಇಷ್ಟು ಅಚ್ಚುಕಟ್ಟಾಗಿ ಕಾಣುವ ಸಂಖ್ಯೆ ಎಲ್ಲೋ ಒಂದು ಕಡೆ ಅಚ್ಚುಕಟ್ಟಾಗಿಯೇ ಬಿರಿಯಬೇಕು ಎಂದು ಕಣ್ಣು ಹೇಳುತ್ತದೆ. ಶಹಾಬಾದ್ ಕಲ್ಲು ನೋಡಿದವರಿಗೆ ಗೊತ್ತು, ಪದರದ ಗೆರೆ ಹಿಡಿದು ಏಟು ಹಾಕಿದರೆ ಫರಸಿ ಹಾಳೆಯಂತೆ ಎದ್ದು ಬರುತ್ತದೆ. ಒಂದುಗಳ ಸಾಲು ಕೂಡ ಬಹಳ ಸಲ ಹಾಗೆಯೇ ಬಿಡಿಸಿಕೊಳ್ಳುತ್ತದೆ. ಆರು ಒಂದುಗಳನ್ನು ತೆಗೆದುಕೊಳ್ಳಿ. 111111 ಅನ್ನು ಎರಡೆರಡಾಗಿ ಕತ್ತರಿಸಿದರೆ 11 × 10101. ಮೂರು ಮೂರಾಗಿ ಕತ್ತರಿಸಿದರೆ 111 × 1001. ಎಂಟು ಒಂದುಗಳು ಅಂದರೆ 1111 × 10001. ಇಲ್ಲಿ ಗುಣಾಕಾರಕ್ಕಿಂತ ಬರೀ ಉದ್ದ ಕತ್ತರಿಸುವ ಕೆಲಸವೇ ಜಾಸ್ತಿ. ಒಂದುಗಳ ಎಣಿಕೆ ಸಮ ಗುಂಪುಗಳಾಗಿ ಒಡೆದರೆ ಸಂಖ್ಯೆಯೂ ಒಡೆಯಿತು ಎಂದೇ ಲೆಕ್ಕ.

ಆದ್ದರಿಂದ ಸಂಖ್ಯೆ ಒಡೆಯದೆ ಉಳಿಯಬೇಕಾದರೆ ಒಂದುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. 19 ಅವಿಭಾಜ್ಯ, ಸರಿ. ಆದರೆ ಅಷ್ಟೇ ಸಾಕೇ? ಸಾಲದು. ನೋಡಿ:

111 = 3 × 37
11111 = 41 × 271
1111111 = 239 × 4649
11111111111 = 21649 × 513239
1111111111111 = 53 × 79 × 265371653
11111111111111111 = 2071723 × 5363222357

ಎಣಿಕೆ 3, 5, 7, 11, 13, 17. ಎಲ್ಲವೂ ಅವಿಭಾಜ್ಯ, ಸಂಖ್ಯೆಗಳು ಮಾತ್ರ ಒಂದೂ ಉಳಿಯಲಿಲ್ಲ. ಕೊನೆಯ ಸಾಲು ನೋಡಿದಾಗಲೆಲ್ಲ ನನಗೆ ಒಂಥರಾ ಬೆರಗು. ಹದಿನೇಳು ಒಂದುಗಳ ಒಳಗೆ 2071723 ಎಂಬ ಯಾವ ಚಂದವೂ ಇಲ್ಲದ ಸಂಖ್ಯೆ ಅಡಗಿ ಕೂತಿದೆ. ಕಣ್ಣಿಗೆ ಕಾಣುವ ಯಾವ ಗೆರೆಯೂ ಅದನ್ನು ಹೇಳುವುದಿಲ್ಲ. ಎರಡು ಒಂದುಗಳ 11 ಅವಿಭಾಜ್ಯ. ಅದಾದ ಮೇಲೆ ಎಲ್ಲವೂ ಬೀಳುತ್ತಾ ಬೀಳುತ್ತಾ ಬಂದು ಹತ್ತೊಂಬತ್ತರಲ್ಲಿ ನಿಲ್ಲುತ್ತವೆ.

ಒಡೆದ ಚೂರುಗಳಲ್ಲೂ ಒಂದು ಕ್ರಮವಿದೆ, ಸುಮ್ನೆ ಬಿದ್ದಿಲ್ಲ. 41 ಮತ್ತು 271 ಎರಡರಲ್ಲೂ ಒಂದು ಕಳೆಯಿರಿ: 40, 270. ಎರಡೂ 10ರ ಮಗ್ಗಿಯಲ್ಲಿವೆ, ಅಂದರೆ 5ರ ಎರಡರಷ್ಟರ ಮಗ್ಗಿ. 239 ಮತ್ತು 4649ರಲ್ಲಿ ಒಂದು ಕಳೆದರೆ 238, 4648. ಇವು 14ರ ಮಗ್ಗಿ. 53 ಮತ್ತು 79 ಆದರೆ 52, 78; 26ರ ಮಗ್ಗಿ. ಹಾಗಾದರೆ ಹತ್ತೊಂಬತ್ತು ಒಂದುಗಳಿಗೆ ಅಪವರ್ತನವೇನಾದರೂ ಇದ್ದರೆ ಅದು 38ರ ಮಗ್ಗಿಗೆ ಒಂದು ಕೂಡಿಸಿದಂತೆ ಇರಲೇಬೇಕು.

ಯಾಕೆ ಹೀಗೆ ಎನ್ನುವುದಕ್ಕೆ ಭಾಗಾಕಾರದ ದಶಮಾಂಶ ನೋಡಬೇಕು. 1ನ್ನು 41ರಿಂದ ಭಾಗಿಸಿದರೆ 0.02439 02439 02439 ಎಂದು ಐದೈದು ಅಂಕಿ ತಿರುಗಿ ಬರುತ್ತವೆ. 271ಕ್ಕೆ 0.00369 00369, ಅಲ್ಲೂ ಐದು. 239ಕ್ಕೆ 0.0041841 0041841, ಏಳು. ಮೇಲಿನ ಪಟ್ಟಿಯಲ್ಲಿ 3 ಒಂದನ್ನು ಬಿಟ್ಟರೆ, ಚೂರು ಎಷ್ಟು ಒಂದುಗಳ ಸಾಲಿನಿಂದ ಬಂತೋ ಅಷ್ಟೇ ಅಂಕಿಗೆ ಅದರ ದಶಮಾಂಶ ಸುತ್ತು ಹೊಡೆಯುತ್ತದೆ. ಇನ್ನೊಂದು ಕಡೆ, ಯಾವುದೇ ಅವಿಭಾಜ್ಯದ ಸುತ್ತಿನ ಉದ್ದ ಆ ಸಂಖ್ಯೆಗಿಂತ ಒಂದು ಕಡಿಮೆಯಾದದ್ದನ್ನು ಸಮವಾಗಿ ಭಾಗಿಸಲೇಬೇಕು. ಇದು ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ 1640ರಲ್ಲಿ ಒಂದು ಪತ್ರದಲ್ಲಿ ಬರೆದ ನಿಯಮದಿಂದ ಬರುತ್ತದೆ. ಹಾಗಾಗಿ ಅಪವರ್ತನದಲ್ಲಿ ಒಂದು ಕಳೆದದ್ದು 19ರ ಮಗ್ಗಿಯಲ್ಲಿರಬೇಕು; ಅಪವರ್ತನ ಬೆಸವಾದ್ದರಿಂದ ಅದು ಸಮವೂ ಹೌದು. ಎರಡನ್ನೂ ಸೇರಿಸಿದರೆ 38ರ ಮಗ್ಗಿ ತಾನಾಗಿಯೇ ಬಂತು.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರೆ ನಮ್ಮ ಸಂಖ್ಯೆಯ ಅಪರೂಪದ ಗುಣ ಕಾಣುತ್ತದೆ. 1ನ್ನು ಹತ್ತೊಂಬತ್ತು ಒಂದುಗಳಿಂದ ಭಾಗಿಸಿದರೆ ಹದಿನೆಂಟು ಸೊನ್ನೆ, ಒಂದು 9, ಮತ್ತೆ ಹದಿನೆಂಟು ಸೊನ್ನೆ, ಒಂದು 9. ಸುತ್ತಿನ ಉದ್ದ 19. ಇಡೀ ಅವಿಭಾಜ್ಯಗಳ ಲೋಕದಲ್ಲಿ ಸುತ್ತು 19 ಇರುವುದು ಇದೊಂದಕ್ಕೇ. ಯಾಕೆಂದರೆ ಅಂಥ ಸುತ್ತು ಇರುವ ಯಾವುದೇ ಅವಿಭಾಜ್ಯ ಹತ್ತೊಂಬತ್ತು ಒಂದುಗಳನ್ನು ಭಾಗಿಸಬೇಕು, ಅದನ್ನು ಭಾಗಿಸುವ ಅವಿಭಾಜ್ಯ ಅದು ತಾನೇ. ಸುತ್ತು 5 ಇರುವವು 41, 271 ಎಂದು ಇಬ್ಬರಿದ್ದಾರೆ. ಇಲ್ಲಿ ಜೊತೆಗಾರರೇ ಇಲ್ಲ. ಇಂಥ ಒಂಟಿ ಅವಿಭಾಜ್ಯಗಳನ್ನು ಸ್ಯಾಮ್ಯುಯೆಲ್ ಯೇಟ್ಸ್ 1980ರಲ್ಲಿ ಬೇರೆಯಾಗಿ ಗುರುತಿಸಿದರು. 3, 11, 37, 101, 9091, 9901, 333667 ಆ ಗುಂಪಿನ ಮೊದಲ ಸದಸ್ಯರು. ಕೊನೆಯ 333667 ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸ್ವಲ್ಪ ನಮ್ಮೂರ ಕಡೆ ಬರೋಣ.

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಮಳಖೇಡ ಸಿಗುತ್ತದೆ. ದಾರಿಯುದ್ದಕ್ಕೂ ತೊಗರಿ ಹೊಲ, ಸಿಮೆಂಟ್ ಲಾರಿ, ಬಿಸಿಲು. ಕಾಗಿಣಾ ನದಿಯ ದಂಡೆಯ ಮೇಲೆ ಹಳೇ ಕೋಟೆ. ಊರಲ್ಲಿ ಜೈನ ಬಸದಿ ಇದೆ, ಜಯತೀರ್ಥರ ವೃಂದಾವನ ಇದೆ. ಹೊರಗಿನವರಿಗೆ ಇದು ಸಿಮೆಂಟಿನ ಊರು. ಪಠ್ಯಪುಸ್ತಕದಲ್ಲಿ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಅಂದಕೂಡಲೇ ನಮಗೆ ನೆನಪಾಗುವುದು ಕನ್ನಡದ ಮೊದಲ ಕಾವ್ಯಶಾಸ್ತ್ರ. ಅದೇ ರಾಜನನ್ನು ಹೊಗಳಿ ಶುರುವಾಗುವ ಇನ್ನೊಂದು ಪುಸ್ತಕವಿದೆ, ಸಂಸ್ಕೃತದಲ್ಲಿ. ಸುಮಾರು 850ರ ಹೊತ್ತಿನ ಗಣಿತಸಾರಸಂಗ್ರಹ. ಬರೆದವರು ಜೈನ ಗಣಿತಜ್ಞ ಮಹಾವೀರಾಚಾರ್ಯರು. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದ ಸಮೇತ ಅಚ್ಚು ಹಾಕಿಸಿದ ಮೇಲೆ ಜಗತ್ತು ಇದರ ಕಡೆ ತಿರುಗಿ ನೋಡಿತು.

ಖಗೋಳದ ಹಂಗಿಲ್ಲದೆ ಬರೀ ಗಣಿತಕ್ಕೆಂದೇ ಬರೆದ ಪುಸ್ತಕ ಇದು. ಆರಂಭದಲ್ಲೇ ಅಂಕಿಗಳ ಸ್ಥಾನಕ್ಕೆ ಇಪ್ಪತ್ನಾಲ್ಕು ಹೆಸರು ಕೊಡುತ್ತಾರೆ. ಏಕ, ದಶ, ಶತದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ ದಾಟಿ ಮಹಾಕ್ಷೋಭದವರೆಗೆ. ಅದರಲ್ಲಿ ಹತ್ತೊಂಬತ್ತನೆಯದು ಶಂಖ. ಅಂದರೆ ನಮ್ಮ ಸಂಖ್ಯೆಯನ್ನು ಓದಲು ಮಹಾವೀರಾಚಾರ್ಯರಿಗೆ ನನ್ನ ಹಾಗೆ "ಲಕ್ಷ ಲಕ್ಷ ಕೋಟಿ" ಎಂದು ತಡವರಿಸಬೇಕಾಗಿರಲಿಲ್ಲ. ಒಂದು ಶಂಖ, ಒಂದು ಮಹಾಕ್ಷೋಣಿ, ಒಂದು ಕ್ಷೋಣಿ ಎಂದು ಸಲೀಸಾಗಿ ಇಳಿದು ಬರಬಹುದಿತ್ತು.

ಗುಣಾಕಾರದ ಭಾಗಕ್ಕೆ ಬಂದಾಗ ಅವರಿಗೆ ತಮಾಷೆ ಬೇಕೆನಿಸಿದೆ. ಕೊಡುವ ಲೆಕ್ಕಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಂಥ ಉತ್ತರಗಳಿಗೆ ಕೊರಳ ಹಾರದ ಹೋಲಿಕೆ ಕೊಡುತ್ತಾರೆ, ರಾಜನ ಕೊರಳಿಗೆ ಹಾಕುವಂಥದ್ದು.

139 × 109 = 15151
152207 × 73 = 11111111
27994681 × 441 = 12345654321
333333666667 × 33 = 11000011000011
12345679 × 9 = 111111111
142857143 × 7 = 1000000001

ಮಗ್ಗಿ ಕಲಿಯುವ ಹುಡುಗನಿಗೆ ಇಂಥ ಲೆಕ್ಕ ಕೊಟ್ಟರೆ ಉತ್ತರ ಬಂದಾಗ ಮುಖ ಅರಳದೆ ಇರುತ್ತದೆಯೇ? ನನ್ನ ಊಹೆ ಏನೆಂದರೆ ಇವನ್ನು ಅವರು ಹಿಂದಿನಿಂದ ಕಟ್ಟಿರಬೇಕು. ಮೊದಲು ಹಾರ ಬರೆದುಕೊಂಡು, ಯಾವುದರಿಂದ ಶೇಷವಿಲ್ಲದೆ ಹೋಗುತ್ತದೆ ಎಂದು ಭಾಗಿಸಿ ನೋಡಿ, ಸಿಕ್ಕ ಎರಡು ಚೂರುಗಳನ್ನು ಶಿಷ್ಯರ ಮುಂದಿಟ್ಟಿರಬೇಕು. ಮೇಷ್ಟ್ರುಗಳು ಇವತ್ತಿಗೂ ಪ್ರಶ್ನೆಪತ್ರಿಕೆ ತೆಗೆಯುವುದು ಹೀಗೇ ಅಲ್ವಾ? 11111111 ಅನ್ನು 73ರಿಂದ ಭಾಗಿಸಿ ನೋಡುವ ಯೋಚನೆ ಸುಮ್ನೆ ಕೂತವರಿಗೆ ಬರುವುದಿಲ್ಲ. ಕೈ ಆಡಿದ್ದರಿಂದ ಬಂದದ್ದು ಅದು.

ಕೊನೆಯ ಎರಡು ಹಾರ ಮತ್ತೊಮ್ಮೆ ನೋಡಿ. ಒಂದು, ಒಂಬತ್ತು ಒಂದುಗಳು. ಇನ್ನೊಂದು, ನಡುವೆ ಎಂಟು ಸೊನ್ನೆ ಇಟ್ಟುಕೊಂಡ ಎರಡು ಒಂದುಗಳು. ಇವೆರಡನ್ನೂ ಗುಣಿಸಿ. ಕಾಗದವೂ ಬೇಡ. ಎರಡನೆಯದು ಮೊದಲನೆಯದನ್ನು ಒಂಬತ್ತು ಮನೆ ಆಚೆ ಸರಿಸಿ ಇನ್ನೊಂದು ಸಲ ಬರೆಯುತ್ತದೆ, ಅಷ್ಟೇ. ಸಿಗುವುದು 111111111111111111, ಹದಿನೆಂಟು ಒಂದುಗಳು.

ಹತ್ತೊಂಬತ್ತು ಒಂದುಗಳಿಂದ ಒಂದು ಕಳೆದರೆ 1111111111111111110. ಅದೇ ಹದಿನೆಂಟು ಒಂದುಗಳು, ಪಕ್ಕಕ್ಕೊಂದು ಸೊನ್ನೆ. ಅಂದರೆ ನಮ್ಮ ಸಂಖ್ಯೆ ಹುಟ್ಟುವುದು ಹೀಗೆ: ಮಹಾವೀರಾಚಾರ್ಯರ ಒಂದು ಹಾರ, ಗುಣಿಸು ಇನ್ನೊಂದು ಹಾರ, ಗುಣಿಸು ಹತ್ತು, ಕೂಡಿಸು ಒಂದು.

ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡಬಹುದು. ಆದರೆ ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತೀರ್ಮಾನಿಸಬೇಕಾದಾಗ ಗಣಿತಜ್ಞರು ಮೊದಲು ಹೋಗಿ ತಟ್ಟುವ ಬಾಗಿಲು ಅದಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯದು. ಪಕ್ಕದ ಮನೆಯನ್ನು ಪೂರ್ತಿ ಒಡೆಯಲು ಬಂದರೆ ಈ ಮನೆ ಒಡೆಯುವುದಿಲ್ಲ ಎಂದು ಸಾಧಿಸಬಹುದು. ವಿಚಿತ್ರ ಅನಿಸಬಹುದು, ಆದರೆ ಎಡ್ವರ್ಡ್ ಲುಕಾ 1876ರಲ್ಲಿ ತೋರಿಸಿದ ದಾರಿ ಇದು.

ನೇರ ದಾರಿಯಲ್ಲಿ ಹೋದರೆ ಎಷ್ಟು ಕಷ್ಟ ಎಂದು ಮೊದಲು ನೋಡಿಬಿಡೋಣ. ಹತ್ತೊಂಬತ್ತು ಒಂದುಗಳ ವರ್ಗಮೂಲ ಸುಮಾರು 1054092553, ನೂರೈದು ಕೋಟಿ ಚಿಲ್ಲರೆ. ಸಂಖ್ಯೆ ಒಡೆಯುವುದೇ ಆದರೆ ಅದರ ಒಂದು ಅಪವರ್ತನ ಇದರೊಳಗೇ ಇರಬೇಕು. 38ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಗಳು ಅಷ್ಟರೊಳಗೆ ಸುಮಾರು 2.77 ಕೋಟಿ. ಅದರಲ್ಲಿ 3 ಮತ್ತು 5ರಿಂದ ಹೋಗುವವನ್ನು ಬಿಟ್ಟರೂ ಒಂದೂವರೆ ಕೋಟಿಯ ಹತ್ತಿರ ಉಳಿಯುತ್ತವೆ. ನಿಮಿಷಕ್ಕೊಂದು ಭಾಗಾಕಾರದಂತೆ ಹಗಲೂ ರಾತ್ರಿ ಕೂತರೆ 28 ವರ್ಷ. ಫೋನಿನಲ್ಲಿರುವ ಪ್ರೊಸೆಸರಿಗೆ ಇದೊಂದು ಕೆಲಸವೇ ಅಲ್ಲ, ಅದು ಬೇರೆ ಮಾತು. ಎಕ್ಸೆಲ್ ಹಾಳೆ ತೆರೆದು ಪ್ರಯತ್ನಿಸಬೇಡಿ ಮಾತ್ರ. ಅದು ಹದಿನೈದು ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಂಡು ಉಳಿದ ನಾಲ್ಕು ಒಂದುಗಳನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಆದರೆ ಪರವಾಗಿಲ್ಲ.

ಈಗ ಪಕ್ಕದ ಮನೆಯ ದಾರಿ. ಎರಡೂ ಹಾರಗಳನ್ನು ಕೊನೇ ಚೂರಿನವರೆಗೆ ಬಿಚ್ಚೋಣ. ಮೊದಲನೆಯದರಲ್ಲಿ 12345679 ಇದೆಯಲ್ಲ, ಅದು 37 × 333667. ಎರಡನೆಯದರಲ್ಲಿರುವ 142857143 ಅಂದರೆ 11 × 13 × 19 × 52579. ಒಟ್ಟಿನಲ್ಲಿ ನಮ್ಮ ಸಂಖ್ಯೆಗಿಂತ ಒಂದು ಕಡಿಮೆಯಿರುವುದು

2 × 3 × 3 × 5 × 7 × 11 × 13 × 19 × 37 × 52579 × 333667.

ಇಷ್ಟು ಪೂರ್ತಿಯಾಗಿ ಬಿಚ್ಚಿಕೊಳ್ಳುವ ನೆರೆಯವನು ಸಿಗುವುದು ಅದೃಷ್ಟ. ಈ ಎಲ್ಲ ಚೂರುಗಳೂ ಬೇಕಾಗಿಲ್ಲ. ದೊಡ್ಡವೆರಡು ಸಾಕು: ಒಂದು ಹಾರದಿಂದ 333667, ಇನ್ನೊಂದು ಹಾರದಿಂದ 52579.

ತರ್ಕ ಹೀಗಿದೆ. ನಮ್ಮ ಸಂಖ್ಯೆ ಒಡೆಯುತ್ತದೆ ಎಂದೇ ಇಟ್ಟುಕೊಳ್ಳಿ. ಅದರ ಯಾವುದೋ ಒಂದು ಅವಿಭಾಜ್ಯ ಅಪವರ್ತನಕ್ಕೆ "ಕಳ್ಳ" ಎಂದು ಹೆಸರಿಡೋಣ. 2 ಅಥವಾ 3ರಂಥ ಸಣ್ಣ ಸಂಖ್ಯೆಯೊಂದನ್ನು ಆರಿಸಿ, ಅದನ್ನು ಅದರಿಂದಲೇ ಗುಣಿಸುತ್ತಾ ಹೋಗಿ, ಪ್ರತಿ ಸಲ ಕಳ್ಳನಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಶೇಷಗಳು ಒಂದು ಹಂತದಲ್ಲಿ 1ಕ್ಕೆ ಬಂದು ಮತ್ತೆ ಮೊದಲಿನಿಂದ ತಿರುಗುತ್ತವೆ. ದಶಮಾಂಶದಲ್ಲಿ ನೋಡಿದ ಸುತ್ತೇ ಇದು. ಈ ಸುತ್ತಿನ ಉದ್ದ ಕಳ್ಳನಿಗಿಂತ ಒಂದು ಕಡಿಮೆಯದ್ದನ್ನು ಭಾಗಿಸುತ್ತದೆ, ಅದು ಫರ್ಮಾನ ನಿಯಮ.

ಕಳ್ಳ ಯಾರೆಂದು ನಮಗೆ ಗೊತ್ತಿಲ್ಲ. ಆದರೆ ಲೆಕ್ಕವನ್ನು ಅವನ ಮೇಲೆ ಮಾಡುವ ಬದಲು ಹತ್ತೊಂಬತ್ತು ಒಂದುಗಳ ಮೇಲೇ ಮಾಡಬಹುದು. ಮೊದಲ ಪರೀಕ್ಷೆ: ಒಂದು ಕಡಿಮೆ ಇರುವ ಆ ದೊಡ್ಡ ಸಂಖ್ಯೆಯಷ್ಟು ಸಲ ಗುಣಿಸಿದಾಗ ಶೇಷ 1 ಬರಬೇಕು. ಎರಡನೆಯದು: ಅದರ 333667ನೇ ಒಂದು ಭಾಗದಷ್ಟು ಸಲ ಮಾತ್ರ ಗುಣಿಸಿದಾಗ ಶೇಷ 1 ಬರಬಾರದು, ಆ ಶೇಷದಲ್ಲಿ ಒಂದು ಕಳೆದದ್ದಕ್ಕೂ ನಮ್ಮ ಸಂಖ್ಯೆಗೂ ಸಾಮಾನ್ಯ ಅಪವರ್ತನವೇ ಇರಬಾರದು. ಎರಡೂ ಪರೀಕ್ಷೆ ಗೆದ್ದರೆ ಕಳ್ಳನ ಸುತ್ತಿನೊಳಗೆ 333667 ಸೇರಿಕೊಂಡಿದೆ ಎಂದಾಯಿತು, ಅದಿಲ್ಲದೆ ಸುತ್ತು ಮುಗಿಯುವುದಿಲ್ಲ. 52579ಕ್ಕೂ ಇದನ್ನೇ ಮಾಡಿ. ಹಾಗಾದರೆ ಕಳ್ಳನಿಗಿಂತ ಒಂದು ಕಡಿಮೆಯದ್ದು ಎರಡರಿಂದಲೂ ಭಾಗವಾಗಬೇಕು. ಅಂದರೆ ಕಳ್ಳ ಕನಿಷ್ಠ 333667 × 52579 = 17543877193ಕ್ಕಿಂತ ದೊಡ್ಡವನಿರಬೇಕು. ಆದರೆ ಸಂಖ್ಯೆ ಒಡೆಯುವುದಾದರೆ ಒಬ್ಬ ಕಳ್ಳನಾದರೂ 1054092553ರ ಒಳಗೇ ಇರಬೇಕಿತ್ತು. ಅಂಥವನು ಇರುವುದಕ್ಕೆ ಜಾಗವೇ ಇಲ್ಲ. ಆದ್ದರಿಂದ ಸಂಖ್ಯೆ ಒಡೆಯುವುದಿಲ್ಲ.

ಈ ಚಂದದ ವಾದ ಹೆನ್ರಿ ಪಾಕ್ಲಿಂಗ್ಟನ್ ಅವರದು, 1914ರದ್ದು. ಇಂಗ್ಲೆಂಡಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ವೃತ್ತಿಯ ಅಭಿಮಾನದಿಂದ ಅವರ ಹೆಸರು ಬರೆದೆ ಎಂದರೂ ಬೇಜಾರಿಲ್ಲ.

ಹತ್ತೊಂಬತ್ತು ಅಂಕಿಯಷ್ಟು ಸಲ ಗುಣಿಸುವುದು ಎಂದು ಹೆದರಬೇಡಿ. ವರ್ಗ ಮಾಡುತ್ತಾ ಹೋದರೆ 2, 4, 8, 16 ಎಂದು ಘಾತ ದ್ವಿಗುಣವಾಗುತ್ತದೆ, ಸುಮಾರು 60 ವರ್ಗಗಳಲ್ಲಿ ಆ ಎತ್ತರ ಮುಟ್ಟಬಹುದು. ಕೈಯಲ್ಲಿ ಮಾಡಿದರೂ ಜೀವಮಾನ ಹೋಗುವುದಿಲ್ಲ. ಆರಿಸಿದ ಸಣ್ಣ ಸಂಖ್ಯೆ ಎರಡನೇ ಪರೀಕ್ಷೆಯಲ್ಲಿ ಸೋಲುವ ಸಂಭವ 333667ರಲ್ಲಿ ಒಂದು, 52579ರಲ್ಲಿ ಒಂದು. ಸೋತರೆ ಇನ್ನೊಂದನ್ನು ಹಿಡಿಯುವುದು. ತಮಾಷೆ ಎಂದರೆ ಇಲ್ಲಿ 10ನ್ನು ಮಾತ್ರ ಆರಿಸಬಾರದು. 10ರ ಸುತ್ತು ಬರೀ 19. ಅದಕ್ಕೆ 333667ರ ಗಾಳಿಯೂ ತಾಗುವುದಿಲ್ಲ. ಸಂಖ್ಯೆ ಹುಟ್ಟಿದ್ದೇ ಹತ್ತರಿಂದ, ಅದರ ಪರೀಕ್ಷೆಗೆ ಹತ್ತೇ ನಿರುಪಯೋಗಿ!

ಹತ್ತೊಂಬತ್ತು ಒಂದುಗಳು ಅವಿಭಾಜ್ಯ ಎಂದು ಆಸ್ಕರ್ ಹೊಪ್ಪೆ 1918ರ ಹೊತ್ತಿಗೆ ಸಾಧಿಸಿ ತೋರಿಸಿದರು. ಕಂಪ್ಯೂಟರ್ ಎಂಬ ಯಂತ್ರ ಇನ್ನೂ ಕನಸಿನಲ್ಲೂ ಇಲ್ಲದ ಕಾಲ. 1929ರಲ್ಲಿ ಇಪ್ಪತ್ಮೂರು ಒಂದುಗಳ ಸರದಿ, ಅದನ್ನು ಮುಗಿಸಿದವರು ಡಿ. ಎಚ್. ಲೆಹ್ಮರ್ ಮತ್ತು ಮೌರಿಸ್ ಕ್ರಾಯ್ಚಿಕ್. ಅಲ್ಲಿಂದ ಮುಂದೆ ದೊಡ್ಡ ಬಯಲು. 317 ಒಂದುಗಳವರೆಗೆ ಒಂದೂ ಇಲ್ಲ. ಅದನ್ನು 1977ರಲ್ಲಿ ಹ್ಯೂ ವಿಲಿಯಮ್ಸ್ ಸಾಧಿಸಿದರು. ಆಮೇಲೆ 1031, ಅದು 1980ರ ದಶಕದ ನಡುವೆ. ಅದಾದ ಮೇಲೆ 49081 ಒಂದುಗಳು, ಸಾಧನೆಯಾದದ್ದು 2022ರಲ್ಲಿ. 2023ರಲ್ಲಿ 86453. ಇಂಥವು ಅನಂತವಾಗಿ ಇವೆಯೇ, ಎಲ್ಲೋ ನಿಂತುಹೋಗುತ್ತವೆಯೇ? ಇರಬೇಕು ಎಂದು ಬಹಳ ಜನ ನಂಬುತ್ತಾರೆ, ಸಾಧಿಸಿದವರು ಯಾರೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಇದು ಗುಡ್ ಮಾರ್ನಿಂಗ್ ಚಿತ್ರದ ಜೊತೆ ವಾಟ್ಸಾಪಿನಲ್ಲಿ ತಿರುಗುತ್ತದೆ. "ಮಳಖೇಡದಲ್ಲಿ 1200 ವರ್ಷದ ಹಿಂದೆಯೇ ದೈತ್ಯ ಅವಿಭಾಜ್ಯ ಸಂಖ್ಯೆ ಕಂಡುಹಿಡಿದಿದ್ದರು" ಎಂದು ನಾನು ಹೇಳುತ್ತಿಲ್ಲ. ಮಹಾವೀರಾಚಾರ್ಯರು ಆ ಎರಡು ಹಾರಗಳನ್ನು ಗುಣಾಕಾರದ ಅಭ್ಯಾಸಕ್ಕೆ ಕೊಟ್ಟರು. ಎರಡನ್ನೂ ಸೇರಿಸಿದ್ದು ನಾನು, ಫರ್ಮಾನ ನಿಯಮ ಬಂದದ್ದು ಸುಮಾರು ಎಂಟು ನೂರು ವರ್ಷ ಕಳೆದ ಮೇಲೆ, ಪಾಕ್ಲಿಂಗ್ಟನ್ ಇನ್ನೂ ಆಚೆ. ಅವರಿಗೆ ಇಲ್ಲದ ಕಿರೀಟ ಇಡುವುದು ಬೇಕಾಗಿಲ್ಲ. ಇರುವುದೇ ಸಾಕಷ್ಟಿದೆ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಸ್ಪಷ್ಟವಾಗಿ ಬರೆದವರು ಅವರು. ಒಂದಷ್ಟು ವಸ್ತುಗಳಲ್ಲಿ ಇಂತಿಷ್ಟನ್ನು ಆರಿಸುವ ಬಗೆಗಳು ಎಷ್ಟು ಎಂದು ನಮ್ಮ ಪಿಯು ಮಕ್ಕಳು ಬಾಯಿಪಾಠ ಮಾಡುವ ಸೂತ್ರವನ್ನು ಸಾಮಾನ್ಯ ರೂಪದಲ್ಲಿ ಕೊಟ್ಟವರೂ ಅವರೇ. ಅದು ಸಿಇಟಿಗೂ ಬರುತ್ತದೆ.

ನನಗೆ ಹಿಡಿಸುವುದು ಬೇರೆಯದೇ. ಕಣ್ಣಿಗೆ ಚಂದ ಕಾಣಲಿ ಎಂದು ಕಟ್ಟಿದ ಲೆಕ್ಕದೊಳಗೆ ಕಟ್ಟಿದವರಿಗೂ ತಿಳಿಯದಂತೆ ಇನ್ನೊಂದು ಲೆಕ್ಕದ ಸಾಮಾನು ಸಿದ್ಧವಾಗಿ ಕೂತಿರುತ್ತದೆ. 12345679 ಬರೆಯುವಾಗ 8 ಯಾಕೆ ತಪ್ಪಿಹೋಗಿದೆ ಎಂದು ಮಕ್ಕಳು ಕೇಳುತ್ತಾರೆ. ಅದೇ ಸಂಖ್ಯೆಯ ಹೊಟ್ಟೆಯಲ್ಲಿ 333667 ಇದೆ, ಮೇಲೆ ನೆನಪಿಟ್ಟುಕೊಳ್ಳಿ ಎಂದಿದ್ದ ಒಂಟಿ ಅವಿಭಾಜ್ಯ. ಒಂದು ಒಂಟಿ ಅವಿಭಾಜ್ಯ ಇನ್ನೊಂದು ಒಂಟಿ ಅವಿಭಾಜ್ಯದ ಪರವಾಗಿ ಸಾಕ್ಷಿ ಹೇಳುತ್ತದೆ. 333333666667 ಎಂಬ ಅವರ ಇನ್ನೊಂದು ಲೆಕ್ಕದ ಸಂಖ್ಯೆಯನ್ನೂ ನೋಡಿ, 333667ರ ಅಣ್ಣನ ಹಾಗೆ ಕಾಣುವುದಿಲ್ಲವೇ? 333667ನ್ನು ಮೂರರಿಂದ ಗುಣಿಸಿದರೆ 1001001. ಅಣ್ಣನನ್ನು ಮೂರರಿಂದ ಗುಣಿಸಿದರೆ 1000001000001. ಒಂದೇ ಕುಟುಂಬ.

ಹತ್ತು ಬೆರಳಿನ ಲೆಕ್ಕ ಬಿಟ್ಟು, 0 ಮತ್ತು 1 ಎಂಬ ಎರಡೇ ಅಂಕಿಗಳಿರುವ ಕಂಪ್ಯೂಟರಿನ ಎರಡಂಕಿ ಲೆಕ್ಕಕ್ಕೆ ಹೋದರೆ ಒಂದುಗಳ ಸಾಲಿಗೆ ಇನ್ನೂ ದೊಡ್ಡ ಮರ್ಯಾದೆ ಇದೆ. ಅಲ್ಲಿ 11 ಅಂದರೆ 3, 111 ಅಂದರೆ 7, 11111 ಅಂದರೆ 31, 1111111 ಅಂದರೆ 127. ಎಲ್ಲವೂ ಅವಿಭಾಜ್ಯ. ಇವುಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಿಕ್ಕಿತು ಎಂದು ಆಗಾಗ ಪತ್ರಿಕೆಯಲ್ಲಿ ಬರುವುದು ಬಹುತೇಕ ಇವೇ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು ಎರಡಂಕಿ ಲೆಕ್ಕದಲ್ಲಿ 136279841 ಒಂದುಗಳ ಸಾಲು. ನಮ್ಮ ಹತ್ತಂಕಿ ಲೆಕ್ಕದಲ್ಲಿ ಬರೆದರೆ 41024320 ಅಂಕಿಗಳು. ಅಷ್ಟು ದೂರ ಹೋಗಲು ಆಗುವುದೂ ಪಕ್ಕದ ಮನೆಯ ದೆಸೆಯಿಂದಲೇ. ಮರ್ಸೆನ್ ಸಂಖ್ಯೆಗೆ ಒಂದು ಕೂಡಿಸಿದರೆ ಬರೀ ಎರಡುಗಳ ಗುಣಾಕಾರ, ಒಡೆಯುವ ಕಷ್ಟವೇ ಇಲ್ಲ. ನಮ್ಮ ಹತ್ತಂಕಿಯ ಒಂದುಗಳಿಗೆ ಆ ಸುಖವಿಲ್ಲ. ಒಂದು ಕಳೆದರೆ ಮತ್ತೊಂದು ಒಂದುಗಳ ಸಾಲು ಬಂದು ಎದುರು ನಿಲ್ಲುತ್ತದೆ, ಅದನ್ನು ಒಡೆಯಬೇಕು. ಸಾಲು ಉದ್ದವಾದಷ್ಟೂ ಅದೇ ದೊಡ್ಡ ತಲೆನೋವು. 49081ಕ್ಕೆ ಬರುವಷ್ಟರಲ್ಲಿ ಈ ದಾರಿ ಬಿಟ್ಟು ಬೇರೆಯದೇ ದಾರಿ ಹಿಡಿಯಬೇಕಾಯಿತು.

ಹತ್ತೊಂಬತ್ತಕ್ಕೆ ಇಲ್ಲೂ ಒಂದು ವಿಶೇಷ ಇದೆ. ಎರಡಂಕಿ ಲೆಕ್ಕದ ಹತ್ತೊಂಬತ್ತು ಒಂದುಗಳು ಅಂದರೆ 524287. ಅದೂ ಅವಿಭಾಜ್ಯ. ಇಟಲಿಯ ಕಟಾಲ್ಡಿ 1588ರಲ್ಲಿ ಕೈಲೆಕ್ಕದಿಂದ ಅದನ್ನು ತೋರಿಸಿದ್ದರು. ಹತ್ತಂಕಿಯಲ್ಲಿ ಗೆದ್ದ 2, 19, 23, 317, 1031 ಇವುಗಳಲ್ಲಿ ಎರಡಂಕಿಯಲ್ಲೂ ಗೆಲ್ಲುವುದು 2 ಮತ್ತು 19 ಮಾತ್ರ. ಇಪ್ಪತ್ಮೂರು ಅಲ್ಲಿ ಸೋಲುತ್ತದೆ: 8388607 = 47 × 178481.

ಆದರೆ ಹತ್ತಂಕಿಯಲ್ಲಿ ಇಪ್ಪತ್ಮೂರು ಗಟ್ಟಿ. ಮಹಾವೀರಾಚಾರ್ಯರ ಹೆಸರಿನ ಪಟ್ಟಿಯಲ್ಲಿ ಅದರ ಮೊದಲ ಅಂಕಿ ಕ್ಷೋಭದ ಮನೆಯಲ್ಲಿ ಕೂರುತ್ತದೆ. ಆಸಕ್ತಿ ಇದ್ದವರು ಮೇಲಿನ ದಾರಿಯನ್ನೇ ಅದಕ್ಕೂ ಹಿಡಿದು ನೋಡಬಹುದು. ಒಂದು ಕಳೆದರೆ ಇಪ್ಪತ್ತೆರಡು ಒಂದುಗಳು, ಒಂದು ಸೊನ್ನೆ. ಇಪ್ಪತ್ತೆರಡು ಒಂದುಗಳು ಅಂದರೆ 11111111111 × 100000000001. ಮೊದಲನೆಯದು ಆಗಲೇ ಪಟ್ಟಿಯಲ್ಲಿದೆ, 21649 × 513239. ಎರಡನೆಯದು 11 × 11 × 23 × 4093 × 8779. ಈ ಸಲ ವರ್ಗಮೂಲ 105409255338ರ ಹತ್ತಿರ. ದೊಡ್ಡ ಚೂರುಗಳೆರಡನ್ನೇ ಗುಣಿಸಿದರೆ 11111111111 ಮಾತ್ರ, ಅಷ್ಟು ಎತ್ತರ ಮುಟ್ಟುವುದಿಲ್ಲ. 8779ನ್ನೂ ಜೊತೆಗೆ ಕರೆದುಕೊಳ್ಳಬೇಕು. ಆಗ ಮೂರು ಪರೀಕ್ಷೆ. ಲ್ಯಾಪ್‌ಟಾಪ್ ಇದ್ದರೆ ಪೈಥಾನಿನಲ್ಲಿ ಹತ್ತು ಸಾಲು ಬರೆದರೆ ಸಾಕು. 10 ಒಂದನ್ನು ಬಿಟ್ಟು 2ರಿಂದಲೋ 3ರಿಂದಲೋ ಶುರು ಮಾಡಿ.